ಒಂದು ಇಂಚಿನ ಖರ್ಚು ಯಾರದು?

ಮುಂಬೈ ಉಪನಗರದಲ್ಲಿರುವ ನನ್ನ ಸೋದರತ್ತೆಗೆ ಲಕ್ವ ಹೊಡೆದ ವರ್ಷ ನಾವೆಲ್ಲ ಎರಡು ಅಳತೆಗಳನ್ನು ಬಾಯಿಪಾಠ ಮಾಡಿಕೊಂಡೆವು. ಗಾಲಿಕುರ್ಚಿಯ ಅಗಲ 25 ಇಂಚು. ಬಚ್ಚಲುಮನೆಯ ಬಾಗಿಲಿನ ಅಗಲ 24 ಇಂಚು. ಆ ಒಂದು ಇಂಚಿಗಾಗಿ ಮಾವ ದಿನಕ್ಕೆ ನಾಲ್ಕು ಸಲ ಅತ್ತೆಯನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಮಾವನಿಗೆ ಆಗ ಅರವತ್ತೆಂಟು. ಗಾರೆ ಕೆಲಸದವನು ಬಂದು ನೋಡಿದ. ಚೌಕಟ್ಟು ಕೀಳಬೇಕು, ಗೋಡೆ ಒಡೆಯಬೇಕು, ಟೈಲ್ಸ್ ಮತ್ತೆ ಕೂರಿಸಬೇಕು, ಹಿಡಿದುಕೊಳ್ಳಲು ಕಂಬಿ ಹಾಕಬೇಕು ಎಂದು ಲೆಕ್ಕ ಹೇಳಿದ. ಅದು ಮಾವನ ಮೂರು ತಿಂಗಳ ಪಿಂಚಣಿಯಷ್ಟಾಯಿತು.

"ಇಂಥದ್ದಕ್ಕೆ ಎಲ್ಲಾದರೂ ಸಹಾಯ ಸಿಗುತ್ತದಾ ನೋಡು ಮಾರಾಯ" ಎಂದು ಮಾವ ನನಗೆ ಒಪ್ಪಿಸಿದರು. ನಾನು ಹುಡುಕಿದೆ. ಇಲ್ಲಿ ಸಿಕ್ಕಿದ್ದು ಕಡಿಮೆ. ಆದರೆ ಈ ಪ್ರಶ್ನೆಗೆ ಬೇರೆ ದೇಶಗಳಲ್ಲಿ ದೊಡ್ಡ ಚರಿತ್ರೆಯೇ ಇದೆಯೆಂದು ಗೊತ್ತಾಯಿತು. ನಡೆಯಲಾಗದವರ ಮನೆಯ ಬಾಗಿಲನ್ನು ಅಗಲ ಮಾಡುವ ಖರ್ಚು ಮನೆಯವರದೋ, ದಾನಿಗಳದೋ, ಸರ್ಕಾರದ್ದೋ? ಸರ್ಕಾರದ್ದಾದರೆ ಅದು ಕೃಪೆಯೋ, ಹಕ್ಕೋ? ಈ ವಾರ ಆ ಕತೆ.

ಅದು ಶುರುವಾಗುವುದು ಯುದ್ಧದಿಂದ. ಎರಡನೇ ಮಹಾಯುದ್ಧದ ಮುಂಚೆ ಬೆನ್ನುಹುರಿಗೆ ಪೆಟ್ಟಾದವರು ಹೆಚ್ಚು ದಿನ ಬದುಕುತ್ತಿರಲಿಲ್ಲ. ಸೋಂಕಿಗೆ ಔಷಧ ಬಂದು, ಆರೈಕೆ ಸುಧಾರಿಸಿದ ಮೇಲೆ ಅವರು ಬದುಕಿ ಆಸ್ಪತ್ರೆಯಿಂದ ಹೊರಬರತೊಡಗಿದರು. ಹೊರಬಂದು ಹೋಗುವುದೆಲ್ಲಿಗೆ? ಊರಿನ ಮನೆಗೆ ಮೆಟ್ಟಿಲಿತ್ತು, ಬಾಗಿಲು ಕಿರಿದಾಗಿತ್ತು. 1948ರ ಜೂನ್‌ನಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ಕಾಯ್ದೆ ಮಾಡಿತು. ಸೇನಾಸೇವೆಯಿಂದಾಗಿ ಎರಡೂ ಕಾಲಿನ ಸ್ವಾಧೀನ ಕಳೆದುಕೊಂಡವರು ತಮಗೆ ಹೊಂದುವ ಮನೆ ಕಟ್ಟಿಕೊಳ್ಳಲು ಖರ್ಚಿನ ಅರ್ಧದಷ್ಟು, ಹೆಚ್ಚೆಂದರೆ 10,000 ಡಾಲರ್, ಸರ್ಕಾರ ಕೊಡುತ್ತದೆ ಎಂದಿತು.

ಅದೇ ವರ್ಷ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನ ಕೆನೆತ್ ಲಾರೆಂಟ್ ಎಂಬ ಮಾಜಿ ನೌಕಾ ಸೈನಿಕ ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್‌ಗೆ ಕಾಗದ ಬರೆದರು. ಬೆನ್ನುಹುರಿಯ ಶಸ್ತ್ರಚಿಕಿತ್ಸೆಯ ನಂತರ ಅವರಿಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಗಾಲಿಕುರ್ಚಿಯಲ್ಲಿ ಬದುಕುವವನಿಗೆ ಒಂದು ಮನೆ ಮಾಡಿಕೊಡುತ್ತೀರಾ ಎಂದು ಕೇಳಿದ್ದರು. ರೈಟ್ ಒಪ್ಪಿದರು. 1952ರಲ್ಲಿ ಮುಗಿದ ಆ ಮನೆಯಲ್ಲಿ ಮೆಟ್ಟಿಲಿಲ್ಲ, ಬಾಗಿಲುಗಳು ಅಗಲ, ನೆಲ ಒಳಗೂ ಹೊರಗೂ ಒಂದೇ ಮಟ್ಟ. ಮೇಜು ಕಪಾಟುಗಳು ಕುಳಿತವನ ಕೈಗೆ ಸಿಗುವಂತಿವೆ. ಈಗ ಅದು ವಸ್ತುಸಂಗ್ರಹಾಲಯ. ನೋಡಲು ಹೋದವರಿಗೆ ಅದು ಅಂಗವಿಕಲರ ಮನೆ ಅನ್ನಿಸುವುದಿಲ್ಲ, ಚಂದದ ಮನೆ ಅನ್ನಿಸುತ್ತದೆ.

ಆದರೆ ಆ ಹಣ ಸಿಕ್ಕಿದ್ದು ಸೈನಿಕನಿಗೆ. ದೇಶಕ್ಕಾಗಿ ಕೊಟ್ಟದ್ದಕ್ಕೆ ಪ್ರತಿಯಾಗಿ ದೇಶ ತೀರಿಸಿದ ಋಣ ಅದು. ಪೋಲಿಯೊ ಆದ ಮಗುವಿಗೆ, ಕಾರ್ಖಾನೆಯಲ್ಲಿ ಬಿದ್ದ ಕೂಲಿಗೆ, ಲಕ್ವ ಹೊಡೆದ ಅಜ್ಜಿಗೆ ದೇಶದ ಮೇಲೆ ಅಂಥ ಋಣವಿರಲಿಲ್ಲ. ಅವರ ಪಾಲಿಗೆ ಉಳಿದಿದ್ದು ಮನೆಯವರ ತೋಳು ಅಥವಾ ಆಶ್ರಮ.

ಆಶ್ರಮದ ಮಾತಿಗೆ ಬ್ರಿಟನ್‌ಗೆ ಹೋಗಬೇಕು. ಅಲ್ಲಿ 1960ರ ದಶಕದಲ್ಲಿ ಮನೆಯಲ್ಲಿ ಬದುಕಲಾಗದ ತರುಣರನ್ನು ಜೀವನಪೂರ್ತಿ ಸಂಸ್ಥೆಗಳಲ್ಲಿ ಇಡುತ್ತಿದ್ದರು. ಹ್ಯಾಂಪ್‌ಶೈರ್‌ನ ಅಂಥ ಒಂದು ಸಂಸ್ಥೆಯಲ್ಲಿದ್ದ ಪಾಲ್ ಹಂಟ್ ಮುಂದೆ 1972ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಪತ್ರ ಬರೆದು, ಇಂಥ ಬಂಧನದ ವಿರುದ್ಧ ಒಟ್ಟುಗೂಡೋಣ ಎಂದು ಕರೆಕೊಟ್ಟರು. ದೇಹದ ದೋಷ ಒಂದು, ಅದರ ಮೇಲೆ ಸಮಾಜ ಹೇರುವ ಅಡ್ಡಿ ಇನ್ನೊಂದು ಎಂಬ ವಾದ ಬೆಳೆದದ್ದು ಆ ಗುಂಪಿನಿಂದ. ನಮ್ಮ ಅತ್ತೆಯ ಮನೆಗೆ ಅನ್ವಯಿಸಿ ಹೇಳುವುದಾದರೆ, ಅತ್ತೆಯ ಎಡಗಾಲು ಸ್ವಾಧೀನ ತಪ್ಪಿದ್ದು ರೋಗದಿಂದ. ಅವರು ಸ್ನಾನಕ್ಕೆ ಹೋಗಲಾಗದ್ದು ಬಾಗಿಲಿನಿಂದ.

ಕಾಯ್ದೆ ತಂದವರು ಮ್ಯಾಂಚೆಸ್ಟರ್‌ನ ಸಂಸದ ಆಲ್ಫ್ ಮಾರಿಸ್. ಅವರ ತಂದೆ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು, ವಿಷಾನಿಲಕ್ಕೆ ಸಿಕ್ಕಿ ಬಂದವರು. ಅಂಗವೈಕಲ್ಯವೂ ಬಡತನವೂ ಒಂದೇ ಕೋಣೆಯಲ್ಲಿ ಹೇಗಿರುತ್ತವೆಂದು ಮಾರಿಸ್ ಬಾಲ್ಯದಲ್ಲೇ ಕಂಡಿದ್ದರು. ಬ್ರಿಟಿಷ್ ಸಂಸತ್ತಿನಲ್ಲಿ ಖಾಸಗಿ ಸದಸ್ಯರು ಮಸೂದೆ ತರಲು ಚೀಟಿ ಎತ್ತುವ ಪದ್ಧತಿಯಿದೆ. 1969ರ ನವೆಂಬರ್‌ನಲ್ಲಿ ಮಾರಿಸ್ ಹೆಸರು ಮೊದಲು ಬಂತು. 1970ರ ಮೇ 29ರಂದು, ಚುನಾವಣೆಗಾಗಿ ಸಂಸತ್ತು ಮುಗಿಯುವ ಹೊತ್ತಿಗೆ, ಅವರ ಮಸೂದೆ ಕಾಯ್ದೆಯಾಯಿತು. ತಮ್ಮ ವ್ಯಾಪ್ತಿಯಲ್ಲಿ ಎಷ್ಟು ಅಂಗವಿಕಲರಿದ್ದಾರೆಂದು ಸ್ಥಳೀಯ ಆಡಳಿತವೇ ಹುಡುಕಬೇಕು ಎಂದಿತು ಅದು. ಅಗತ್ಯವಿದೆಯೆಂದು ಕಂಡರೆ ಮನೆಯ ಮಾರ್ಪಾಡಿಗೆ ನೆರವಾಗಬೇಕು ಎಂದೂ ಹೇಳಿತು. ಯುದ್ಧಕ್ಕೆ ಹೋಗಿದ್ದಿರಾ ಎಂಬ ಪ್ರಶ್ನೆ ಅದರಲ್ಲಿರಲಿಲ್ಲ. 1974ರಲ್ಲಿ ಮಾರಿಸ್ ಆ ದೇಶದ ಮೊದಲ ಅಂಗವಿಕಲರ ಖಾತೆಯ ಸಚಿವರಾದರು.

"ನೆರವಾಗಬೇಕು" ಎಂಬ ಮಾತಿನಲ್ಲಿ ಎಷ್ಟು ಹಣ, ಎಷ್ಟು ದಿನದೊಳಗೆ ಎಂಬುದಿರಲಿಲ್ಲ. ಅದನ್ನು ತುಂಬಲು ಇಪ್ಪತ್ತು ವರ್ಷ ಹಿಡಿಯಿತು. 1989ರ ಕಾಯ್ದೆಯಿಂದ ಹುಟ್ಟಿ 1990ರಲ್ಲಿ ಜಾರಿಗೆ ಬಂದ 'ಡಿಸೇಬಲ್ಡ್ ಫೆಸಿಲಿಟೀಸ್ ಗ್ರಾಂಟ್' ಎಂಬ ಅನುದಾನಕ್ಕೆ 1996ರಲ್ಲಿ ಈಗಿನ ರೂಪ ಬಂತು. ಆ ಕಾಯ್ದೆಯ ಪಟ್ಟಿಯನ್ನು ಓದಿದರೆ ಬರೆದವರು ಒಂದು ದಿನ ಗಾಲಿಕುರ್ಚಿಯ ಹಿಂದೆಯೇ ನಡೆದಿದ್ದರೇನೋ ಅನ್ನಿಸುತ್ತದೆ. ಮನೆಯ ಒಳಗೆ ಬರುವುದು, ಹೊರಗೆ ಹೋಗುವುದು. ಎಲ್ಲರೂ ಕೂರುವ ಕೋಣೆಗೆ ಹೋಗುವುದು. ಮಲಗುವ ಕೋಣೆ, ಶೌಚ, ಸ್ನಾನ, ಕೈತೊಳೆಯುವ ಬೇಸಿನ್. ಅಡುಗೆ ಮಾಡುವುದು. ದೀಪದ ಸ್ವಿಚ್ಚು ಕೈಗೆಟಕುವುದು. ತಾನೇ ಅಂಗವಿಕಲನಾಗಿದ್ದು ಇನ್ನೊಬ್ಬರನ್ನು ನೋಡಿಕೊಳ್ಳುವವನು ಮನೆಯಲ್ಲಿ ಓಡಾಡುವುದು ಕೂಡ ಅದರಲ್ಲಿದೆ.

ಕೆಲಸ ಅಗತ್ಯವೂ ತಕ್ಕದ್ದೂ ಆಗಿರಬೇಕು; ಇದನ್ನು ಸಾಮಾನ್ಯವಾಗಿ ಮನೆಗೆ ಬಂದು ನೋಡುವ ಆಕ್ಯುಪೇಶನಲ್ ಥೆರಪಿಸ್ಟ್ ಹೇಳುತ್ತಾರೆ. ಆ ಮನೆಯಲ್ಲಿ ಅದು ಮಾಡಲು ಸಾಧ್ಯವೂ ಇರಬೇಕು. ಅರ್ಜಿ ಕೊಟ್ಟ ಆರು ತಿಂಗಳೊಳಗೆ ಉತ್ತರ ಬರಬೇಕು. ಮಂಜೂರಾತಿಗೆ ಮುಂಚೆ ಕೆಲಸ ಶುರುಮಾಡಿದರೆ ಸಾಮಾನ್ಯವಾಗಿ ಹಣವಿಲ್ಲ. ಅವಸರದಲ್ಲಿ ಗೋಡೆ ಒಡೆಸಿ ಅನುದಾನ ಕಳೆದುಕೊಳ್ಳಬೇಡಿ ಎಂಬ ಎಚ್ಚರಿಕೆ ಅಲ್ಲಿನ ಸಲಹಾ ಪುಸ್ತಿಕೆಗಳಲ್ಲೆಲ್ಲ ಕಾಣುತ್ತದೆ.

ಹಕ್ಕು ನಿಜವಾದ ಹಕ್ಕೋ ಅಲ್ಲವೋ ಎಂಬುದು ಖಜಾನೆ ಖಾಲಿಯಾದಾಗ ಗೊತ್ತಾಗುತ್ತದೆ. 1997ರಲ್ಲಿ ಗ್ಲಾಸ್ಟರ್‌ಶೈರ್ ಕೌಂಟಿಯ ವಿರುದ್ಧದ ಮೊಕದ್ದಮೆ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ದುಡ್ಡಿಲ್ಲವೆಂದು ಕೌಂಟಿ ವೃದ್ಧರೊಬ್ಬರ ಮನೆ ಗುಡಿಸುವ, ಬಟ್ಟೆ ಒಗೆಯುವ ನೆರವನ್ನು ನಿಲ್ಲಿಸಿತ್ತು. 1970ರ ಕಾಯ್ದೆಯಡಿ ಒಬ್ಬರ ಅಗತ್ಯವನ್ನು ಅಳೆಯುವಾಗ ಆಡಳಿತ ತನ್ನ ಕೈಯಲ್ಲಿರುವ ಹಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದು ಮೂವರು ನ್ಯಾಯಾಧೀಶರು ಹೇಳಿದರು, ಇಬ್ಬರು ಒಪ್ಪಲಿಲ್ಲ. ಬಹುಮತ ಗೆದ್ದಿತು. ಮಾರಿಸ್ ಕಟ್ಟಿದ ಗೋಡೆಯಲ್ಲಿ ಅದು ದೊಡ್ಡ ಬಿರುಕು.

ಮರುವರ್ಷವೇ ಬರ್ಮಿಂಗ್‌ಹ್ಯಾಮ್ ನಗರಾಡಳಿತದ ಮೊಕದ್ದಮೆಯಲ್ಲಿ ಮನೆ ಮಾರ್ಪಾಡಿನ ಅನುದಾನದ ಪ್ರಶ್ನೆ ಬಂತು. ಇಲ್ಲಿ ಹೈಕೋರ್ಟ್ ಬೇರೆ ಮಾತು ಹೇಳಿತು. ಕೆಲಸ ಪಟ್ಟಿಯಲ್ಲಿರುವ ಉದ್ದೇಶಕ್ಕೇ ಆಗಿದ್ದರೆ, ಅದು ಅಗತ್ಯವೋ ಎಂದು ತೀರ್ಮಾನಿಸುವಾಗ ಆಡಳಿತದ ಬಳಿ ಹಣವಿದೆಯೇ ಎಂದು ನೋಡುವಂತಿಲ್ಲ. ಬಟ್ಟೆ ಒಗೆಯುವ ನೆರವು ಬಜೆಟ್ಟಿಗೆ ಸಿಕ್ಕಿತು, ಬಾಗಿಲು ಉಳಿಯಿತು. ಪಟ್ಟಿಯನ್ನು ಬಿಡಿಬಿಡಿಯಾಗಿ ಬರೆದಿಟ್ಟಿದ್ದರ ಲಾಭ ಇದು. ಔದಾರ್ಯದ ದೊಡ್ಡ ಮಾತಿಗಿಂತ "ಶೌಚ, ಸ್ನಾನ, ಸ್ವಿಚ್ಚು" ಎಂಬ ಸಣ್ಣ ಮಾತುಗಳು ಕೋರ್ಟಿನಲ್ಲಿ ಗಟ್ಟಿಯಾಗಿ ನಿಂತವು.

ಹಾಗೆಂದು ಅಲ್ಲಿ ಎಲ್ಲ ಸರಿಯಾಯಿತೆಂದಲ್ಲ. ವಯಸ್ಕ ಅರ್ಜಿದಾರನ, ಅವನ ಸಂಗಾತಿಯ ಆದಾಯ ನೋಡಿ ಅನುದಾನ ಕಡಿತವಾಗುತ್ತದೆ. ಮಕ್ಕಳ ವಿಷಯದಲ್ಲೂ ಹೆತ್ತವರ ಸಂಬಳ ನೋಡುತ್ತಿದ್ದರು. ದುಡಿಯುವ ತಂದೆತಾಯಿ ಸಾಲ ಮಾಡುವಂತಾಗುತ್ತಿತ್ತು. ದೊಡ್ಡ ಒತ್ತಾಯದ ನಂತರ ಇಂಗ್ಲೆಂಡಿನಲ್ಲಿ 2005ರಲ್ಲಿ ಅದನ್ನು ತೆಗೆದರು. 2008ರಲ್ಲಿ ಗರಿಷ್ಠ ಮಿತಿ 30,000 ಪೌಂಡ್ ಆಯಿತು. ಸಿಮೆಂಟು, ಕೂಲಿ ಏರುತ್ತಲೇ ಹೋದರೂ ಒಂದೂವರೆ ದಶಕ ಕಳೆದ ಮೇಲೂ ಆ ಅಂಕಿ ಅಲ್ಲೇ ನಿಂತಿತ್ತು. ಥೆರಪಿಸ್ಟ್ ಬರುವವರೆಗಿನ ಕಾಯುವಿಕೆ ಆರು ತಿಂಗಳ ಲೆಕ್ಕದಲ್ಲಿ ಸೇರುವುದಿಲ್ಲ, ಏಕೆಂದರೆ ಪೂರ್ಣ ಅರ್ಜಿ ಕೊಟ್ಟ ಮೇಲಷ್ಟೇ ಗಡಿಯಾರ ಶುರು. ಹಕ್ಕನ್ನು ನಿರಾಕರಿಸದೆಯೇ ತಡಮಾಡುವ ದಾರಿ ಎಲ್ಲ ದೇಶದ ಕಚೇರಿಗಳಿಗೂ ಗೊತ್ತು.

ಇನ್ನು ನಮ್ಮಲ್ಲಿಗೆ ಬರೋಣ. 1981ರಿಂದ ಕೇಂದ್ರ ಸರ್ಕಾರದ 'ಆಡಿಪ್' ಯೋಜನೆಯಲ್ಲಿ ಕಡಿಮೆ ಆದಾಯದವರಿಗೆ ಗಾಲಿಕುರ್ಚಿ, ಶ್ರವಣಯಂತ್ರ ಮುಂತಾದ ಸಾಧನಗಳು ಸಿಗುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಎಟಕುವಂತಿರಬೇಕು ಎನ್ನುತ್ತದೆ. ಸರ್ಕಾರಿ ವಸತಿ ಯೋಜನೆಗಳ ಹಂಚಿಕೆಯಲ್ಲಿ ಶೇಕಡಾ 5 ಮೀಸಲು ಇಡುತ್ತದೆ. ಭವಿಷ್ಯ ನಿಧಿಯ 1952ರ ಯೋಜನೆಯಲ್ಲಿ 68-ಎನ್ ಎಂಬ ಕಲಮು ಸೇರಿತು. ಅಂಗವಿಕಲ ಸದಸ್ಯ ತನ್ನ ಕಷ್ಟ ಕಡಿಮೆ ಮಾಡುವ ಸಾಧನ ಕೊಳ್ಳಲು ಮುಂಗಡ ಪಡೆಯಬಹುದು ಎಂದಿತು ಅದು. ಆದರೆ ಅದು ಅವನದೇ ದುಡ್ಡು. ಈಗಾಗಲೇ ಇರುವ ಸ್ವಂತ ಮನೆಯ ಬಾಗಿಲನ್ನು ಅಗಲ ಮಾಡಲು, ಹಕ್ಕಿನಿಂದ ಕೇಳಬಹುದಾದ ಬ್ರಿಟನ್ನಿನಂಥ ಅನುದಾನ ಕೇಂದ್ರದ ಕಾಯ್ದೆಯಲ್ಲಿಲ್ಲ. ಗಾಲಿಕುರ್ಚಿ ಸಿಗುತ್ತದೆ, ಅದು ದಾಟಬೇಕಾದ ಹೊಸ್ತಿಲು ನಮ್ಮ ಪಾಲಿನದು.

ನಮ್ಮಲ್ಲಿ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಬಹುಶಃ ಅದಕ್ಕೇ ಅದು ಒಂದು ಅಡ್ಡಿ ಎಂದು ನೋಡುವುದು ತಡವಾಗುತ್ತದೆ. ಮನೆಯವರು ಎತ್ತಿಕೊಂಡು ಹೋದರೆ ಅದನ್ನು ಪ್ರೀತಿ ಎನ್ನುತ್ತೇವೆ. ಪ್ರೀತಿಯೇ ನಿಜ. ಆದರೆ ಆ ಪ್ರೀತಿಗೆ ಅರವತ್ತೆಂಟು ವರ್ಷವಾಗಿತ್ತು, ಬೆನ್ನುನೋವಿತ್ತು. ಕಾಯ್ದೆಯೊಂದು ಆ ಕೆಲಸವನ್ನು 'ಅಗತ್ಯ' ಎಂದು ಬರೆದಿಡದಿದ್ದರೆ ಅದು ಯಾವ ಲೆಕ್ಕದ ಪುಸ್ತಕಕ್ಕೂ ಬರುವುದಿಲ್ಲ.

ಮಾವ ಕೊನೆಗೆ ಒಂದು ಫಿಕ್ಸೆಡ್ ಡಿಪಾಸಿಟ್ ಮುರಿಸಿದರು. ನಾಲ್ಕನೇ ತಿಂಗಳಿಗೆ ಬಾಗಿಲು ಮೂರು ಅಡಿಯಾಯಿತು, ಗೋಡೆಗೆ ಕಂಬಿ ಬಂತು. ಟೈಲ್ಸ್ ಒಣಗಿದ ದಿನ ಅತ್ತೆ ಬಲಗೈಯಿಂದ ಚಕ್ರ ತಳ್ಳಿಕೊಂಡು ಒಳಗೆ ಹೋದರು. ನಾವೆಲ್ಲ ಹೊರಗೆ ನಿಂತಿದ್ದೆವು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು. ನಾಲ್ಕು ತಿಂಗಳಲ್ಲಿ ಅವರು ಒಬ್ಬರೇ ಹಾಕಿಕೊಂಡ ಮೊದಲ ಬಾಗಿಲು ಅದು.