ಮಹಾನಸಧೂಮ ವಿಚಾರ

ತರ್ಕಶಾಸ್ತ್ರವನ್ನು ಓದತೊಡಗಿದ ಬಾಲಕನಿಗೆ ಗುರುಗಳು ಮೊದಲು ತೋರಿಸುವ ದೃಷ್ಟಾಂತವು ಅಡಿಗೆಮನೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ತಿಳಿಯಬೇಕು. ಹೊಗೆಯಿದ್ದೆಡೆಯಲ್ಲಿ ಬೆಂಕಿಯಿರುವುದನ್ನು ಮಹಾನಸದಲ್ಲಿ, ಎಂದರೆ ಅಡಿಗೆಮನೆಯಲ್ಲಿ, ನಾವು ನಿತ್ಯವೂ ಕಂಡಿದ್ದೇವಷ್ಟೆ. ಅನ್ನಂಭಟ್ಟನ ತರ್ಕಸಂಗ್ರಹವು ಅನುಮಾನವನ್ನು ಬೋಧಿಸುವ ಕ್ರಮವಿದು. ಪಾಠಶಾಲೆಯಲ್ಲಿ ಕಲಿತ ಈ ಪಾಠವನ್ನು ನಾನು ದುದ್ದದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಹುಡುಗರಿಗೆ ಅನೇಕ ವರ್ಷ ಹೇಳಿಕೊಟ್ಟೆನು. ಒಳಗೆ ನಮ್ಮ ತಾಯಿಯವರು ಊದುಕೊಳವೆ ಹಿಡಿದು ಒಲೆಯನ್ನು ಊದುತ್ತ ಕೆಮ್ಮುತ್ತಿದ್ದರು. ಹೊಗೆಯಿಂದ ಬೆಂಕಿಯನ್ನು ಊಹಿಸಬಲ್ಲವನಾಗಿದ್ದ ನಾನು ಆ ಕೆಮ್ಮಿನ ಕಾರಣವನ್ನು ಅದೇ ಹೊಗೆಯಲ್ಲಿ ಹುಡುಕಲಿಲ್ಲ.

ಪೂರ್ವಿಕರಿಗೆ ಈ ವಿಷಯವು ತಿಳಿಯದುದೇನೂ ಅಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಶ್ವಾಸರೋಗದ ಕಾರಣಗಳನ್ನು ಎಣಿಸುವಾಗ ಧೂಳು ಗಾಳಿಗಳೊಡನೆ ಹೊಗೆಯನ್ನೂ ಹೇಳಿದೆ. ತಾರ್ಕಿಕರಾದರೋ ಇನ್ನೂ ಸೂಕ್ಷ್ಮವಾದ ಮಾತೊಂದನ್ನು ಕಂಡರು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ನಿಜ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆಯ ಸಂಬಂಧವೆಂಬ ಉಪಾಧಿಯಿಂದಲೇ ಹೊಗೆ ಹುಟ್ಟುವುದು. ಹೊಗೆಯು ಅಗ್ನಿಯ ಸ್ವಭಾವವಲ್ಲವೆಂದಾದರೆ, ಅದು ಗೃಹಿಣಿಯ ಹಣೆಬರಹವೂ ಅಲ್ಲವಷ್ಟೆ! ಈ ಉಪಾಧಿಯನ್ನು ಕಳೆಯಲು ನಡೆದ ಪ್ರಯತ್ನಗಳ ಚರಿತ್ರೆಯನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ.

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಮಣ್ಣಿನ ಗೋಡೆ, ನಾಡಹೆಂಚಿನ ಮಾಡು, ಗಾಳಿಗೊಂದು ಸಣ್ಣ ಬೆಳಕಿಂಡಿ; ಮೂಲೆಯಲ್ಲಿ ಕೋಡೊಲೆ. ಉರುವಲೆಂದರೆ ಜಾಲಿಯ ಸೌದೆ, ಬೆರಣಿ, ತೆಂಗಿನ ಗರಿ, ಮಟ್ಟೆ, ಕರಟ. ಮಳೆಗಾಲದಲ್ಲಿ ಎಲ್ಲವೂ ಹಸಿ. ಹೊಗೆ ತಗಲಿದರೆ ತೊಲೆ ಜಂತೆಗಳಿಗೆ ಹುಳು ಹಿಡಿಯದೆಂದು, ಒಲೆಯ ಮೇಲಣ ಅಟ್ಟದಲ್ಲಿಟ್ಟ ಬಿತ್ತನೆಯ ಬೀಜ ಕೆಡದೆಂದು ಜನರು ಅದನ್ನು ಉಪಕಾರಿಯೆಂದೇ ಭಾವಿಸಿದ್ದರು. ಮರಕ್ಕೂ ಬೀಜಕ್ಕೂ ಆಗುವ ಲಾಭವನ್ನು ಲೆಕ್ಕಕ್ಕೆ ಹಿಡಿದವರು, ಒಲೆಯ ಮುಂದೆ ಕುಳಿತವಳ ಎದೆಗೂಡನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಲೆಕ್ಕವನ್ನು ಇಟ್ಟವರಲ್ಲಿ ದೆಹಲಿಯ ಹೃದ್ರೋಗತಜ್ಞೆ ಡಾ. ಎಸ್. ಪದ್ಮಾವತಿಯವರು ಅಗ್ರಗಣ್ಯರು. ಶ್ವಾಸಕೋಶದ ದೀರ್ಘವ್ಯಾಧಿಯಿಂದ ಹೃದಯದ ಬಲಭಾಗವು ಸೋಲುವ ರೋಗವನ್ನು ಕುರಿತು 1959ರಲ್ಲಿ ಅವರು ಸಹೋದ್ಯೋಗಿಯೊಡನೆ ಪ್ರಬಂಧವನ್ನು ಪ್ರಕಟಿಸಿದರು. ಬೀಡಿ ಸಿಗರೇಟುಗಳ ಅಭ್ಯಾಸವಿಲ್ಲದ ಸ್ತ್ರೀಯರಲ್ಲಿಯೂ ಈ ರೋಗವು ಬಹಳವಾಗಿ ಕಂಡುಬಂದುದರಿಂದ ಅಡಿಗೆಮನೆಯ ಹೊಗೆಯ ಕಡೆಗೆ ಅವರ ದೃಷ್ಟಿ ಹೊರಳಿತು. ಹೈದರಾಬಾದಿನಲ್ಲಿ ಎಸ್. ಪಿ. ರಾಜು ಎಂಬ ಎಂಜಿನಿಯರು ಹೊಗೆಯಿಲ್ಲದ ಅಡಿಗೆಮನೆಯನ್ನು ಕುರಿತು 1953ರಷ್ಟು ಹಿಂದೆಯೇ ಪುಸ್ತಕ ಬರೆದಿದ್ದರು.

ಕನ್ನಡನಾಡಿನ ಕೊಡುಗೆಯೂ ಅಲ್ಪವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳ ಹಿತಕ್ಕಾಗಿ ‘ಅಸ್ತ್ರ’ ಎಂಬ ವಿಭಾಗವನ್ನು ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರವೊಂದು ನಡೆಯಿತು. ಅಲ್ಲಿಂದ ಹೊರಟ ‘ಅಸ್ತ್ರ ಒಲೆ’ಯು ಮೂರು ಪಾತ್ರೆಗಳ ಮಣ್ಣಿನ ಒಲೆ: ಕೆಳಗೆ ಗಾಳಿಯಾಡುವ ಜಾಲರಿ, ಉರಿಯು ಒಂದು ಪಾತ್ರೆಯಿಂದ ಮತ್ತೊಂದಕ್ಕೆ ಹರಿಯುವ ದಾರಿ, ಕೊನೆಯಲ್ಲಿ ಹೊಗೆಯನ್ನು ಮಾಡಿನಾಚೆಗೆ ಒಯ್ಯುವ ಕೊಳವೆ. ಕೇಂದ್ರಸರ್ಕಾರವು 1983ರಲ್ಲಿ ಹೊಸ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಹೂಡಿತು. 2002ರಲ್ಲಿ ಅದು ಮುಗಿಯುವ ವೇಳೆಗೆ ದೇಶದಲ್ಲಿ 3 ಕೋಟಿಗೂ ಮಿಕ್ಕಿ ಒಲೆಗಳನ್ನು ಹಾಕಿದ್ದಿತು. ಆದರೆ ಹಾಕಿದ ಒಲೆಗಳಲ್ಲಿ ಉಳಿದು ಉರಿದವು ಎಷ್ಟೋ ಕಡಿಮೆ.

ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಮನೆಯಲ್ಲಿಯೂ ಕೊಳವೆಯುಳ್ಳ ಒಲೆಯೊಂದನ್ನು ಹಾಕಿಸಿದೆವು. ಮೊದಲ ವರ್ಷ ತಾಯಿಯವರ ಕಣ್ಣುಗಳಲ್ಲಿ ನೀರು ನಿಂತಿತು. ಬರಬರುತ್ತ ಕೊಳವೆಯಲ್ಲಿ ಮಸಿ ಕಟ್ಟಿತು, ಏಣಿ ಹಾಕಿ ಮಾಡನ್ನೇರಿ ಅದನ್ನು ತೆಗೆಯಬೇಕಾದವನು ನಾನು, ನಾಳೆಯೆಂದೆನು. ಹೊಗೆಯು ಮತ್ತೆ ಒಳಕ್ಕೆ ತಿರುಗಿತು. ಒಲೆಯನ್ನು ಒಡೆದು ಹಳೆಯ ಕೋಡೊಲೆಯನ್ನೇ ಹಾಕಿಕೊಂಡೆವು. ತಾಯಿಯವರು ಒಂದು ದಿನವೂ ದೂರಲಿಲ್ಲ. ಕಡೆಗಾಲದಲ್ಲಿ ಹತ್ತು ಹೆಜ್ಜೆ ನಡೆದರೆ ಅವರಿಗೆ ಏದುಸಿರು ಬರುತ್ತಿತ್ತು.

ಮನೆಯೊಳಗಣ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನರು ಅಕಾಲಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ 2 ಲಕ್ಷಕ್ಕೂ ಮಿಕ್ಕವರು ಐದು ವರ್ಷ ತುಂಬದ ಶಿಶುಗಳು. ಒಂದು ಮಿಲಿಮೀಟರಿನ 400ರಲ್ಲೊಂದು ಭಾಗಕ್ಕಿಂತಲೂ ಸಣ್ಣವಾದ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ಮಕ್ಕಳಿಗೆ ನ್ಯುಮೋನಿಯವನ್ನೂ ಹಿರಿಯರಿಗೆ ಉಬ್ಬಸ, ಹೃದ್ರೋಗ, ಪಾರ್ಶ್ವವಾಯುಗಳನ್ನೂ ತರುತ್ತವೆ.

ಬಡ ಕುಟುಂಬಗಳ ಸ್ತ್ರೀಯರ ಹೆಸರಿನಲ್ಲಿ ಅನಿಲದ ಒಲೆಗೆ ಸಂಪರ್ಕ ಕೊಡುವ ಉಜ್ವಲ ಯೋಜನೆಯು 2016ರ ಮೇ 1ರಂದು ಆರಂಭವಾದುದು ಸಂತೋಷದ ಸಂಗತಿ. ಆದರೂ ಸಿಲಿಂಡರು ಮುಗಿದ ದಿನ ಹಳೆಯ ಒಲೆ ಹೊತ್ತುತ್ತದೆ. ಬಚ್ಚಲುಮನೆಯ ಹಂಡೆಯ ಕೆಳಗೆ ಮುಂಜಾನೆ ಮಟ್ಟೆ ಹೊಗೆಯಾಡುತ್ತದೆ. ಹಸಿ ಸೌದೆಯೊಂದನ್ನೇ ಉಪಾಧಿಯೆಂದು ಶಾಸ್ತ್ರವು ಹೇಳಿತು; ಗಂಡಸಿನ ಅಲಕ್ಷ್ಯವೆಂಬ ಇನ್ನೊಂದು ಉಪಾಧಿಯನ್ನು ನಾನು ಅನುಭವದಿಂದ ಸೇರಿಸುತ್ತೇನೆ. ವಾಚಕ ಮಹಾಶಯರು ಇಂದೇ ಒಳಗೆ ಹೋಗಿ, ಒಲೆಯ ಮುಂದೆ ಕಾಲುಗಂಟೆ ಕುಳಿತು, ಕೊಳವೆಯಿದ್ದರೆ ಅದರ ಮಸಿಯನ್ನು ತೆಗೆಯುವ ಕೆಲಸವನ್ನು ತಾವೇ ವಹಿಸಿಕೊಳ್ಳಬೇಕೆಂದು ವಿಜ್ಞಾಪನೆ.