ಎರಡು ಮಹಾಮಾರಿಗಳು ಮತ್ತು ಬಾಣಂತಿಯ ಕೋಣೆ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಗತಕಾಲವನ್ನು ಸ್ಮರಿಸುವಾಗ, ಯಾವ ದಾಖಲೆಯಲ್ಲಿಯೂ ಹೆಸರುಳಿಯದೆ ಅಳಿದುಹೋದ ತಾಯಂದಿರನ್ನು ಮರೆಯುವುದು ನಮಗೆ ಸಲ್ಲದು.

1918ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಜ್ವರವು ಸೆಪ್ಟೆಂಬರ್ ಹೊತ್ತಿಗೆ ಉಗ್ರರೂಪ ತಾಳಿತು. ಮಳೆ ಕೈಕೊಟ್ಟ ವರ್ಷವದು. ಭಾರತದಲ್ಲಿ ಮಡಿದವರು ಒಂದು ಕೋಟಿಗೂ ಮಿಗಿಲು. ಬೀದರ, ಭಾಲ್ಕಿ, ಔರಾದಗಳು ಅಂದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1911ರಲ್ಲಿ ಸುಮಾರು 1 ಕೋಟಿ 33 ಲಕ್ಷವಿದ್ದ ಆ ಸಂಸ್ಥಾನದ ಜನಸಂಖ್ಯೆ 1921ರಲ್ಲಿ 1 ಕೋಟಿ 24 ಲಕ್ಷಕ್ಕೆ ಇಳಿಯಿತು. ಬರ, ಪ್ಲೇಗುಗಳೊಡನೆ ಈ ಜ್ವರವೂ ಅದಕ್ಕೆ ಕಾರಣ. ದೇಶದಲ್ಲಿ ಪುರುಷರಿಗಿಂತ ಸ್ತ್ರೀಯರೇ ಹೆಚ್ಚಾಗಿ ಬಲಿಯಾದರು. ಜ್ವರದಿಂದ ನರಳುತ್ತಲೇ ಮನೆಮಂದಿಯ ಶುಶ್ರೂಷೆ ಮಾಡಿದವರು ಅವರೇ ಅಲ್ಲವೇ?

ಗರ್ಭಿಣಿಯರ ಪಾಡು ಇನ್ನೂ ಕಠಿಣ. ಅಮೆರಿಕದ ವೈದ್ಯ ಹ್ಯಾರಿಸ್ ಎಂಬವರು 1919ರಲ್ಲಿ ಇಂತಹ 1350 ಗರ್ಭಿಣಿಯರ ವಿವರ ಕಲೆಹಾಕಿದಾಗ, ನೂರಕ್ಕೆ 27 ಮಂದಿ ಮೃತರಾಗಿದ್ದರು. ಬೆಳೆಯುವ ಗರ್ಭವು ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಶ್ವಾಸಕ್ಕೆ ಎಡೆ ಕಡಿಮೆ. ಪ್ರಾಣವಾಯುವಿನ ಅಗತ್ಯವೋ ಅಧಿಕ.

ನೂರೆರಡು ವರ್ಷಗಳ ತರುವಾಯ, 2020ರ ಮಾರ್ಚ್ 10ರಂದು, ಕೋವಿಡ್‌ನಿಂದಾದ ದೇಶದ ಮೊದಲ ಸಾವು ನೆರೆಯ ಕಲಬುರಗಿಯಲ್ಲೇ ಸಂಭವಿಸಿತು. ಗರ್ಭಿಣಿಯರಿಗೆ ಲಸಿಕೆ ನೀಡಲು ಕೇಂದ್ರ ಸರ್ಕಾರ ಒಪ್ಪಿದ್ದು 2021ರ ಜುಲೈ 2ರಂದು. ಅಷ್ಟರಲ್ಲಿ ಎರಡನೆಯ ಅಲೆಯ ಘೋರ ದಿನಗಳು ಕಳೆದಿದ್ದವು. ಆದರೆ ಈ ಬಾರಿ ಪ್ರಾಣವಾಯುವಿನ ಚಿಕಿತ್ಸೆಯಿತ್ತು. ಸೋಂಕಿದ್ದರೂ ತಾಯಿ-ಮಗುವನ್ನು ಅಗಲಿಸಬೇಕಿಲ್ಲ, ಕೈ ತೊಳೆದು ಮುಖಗವಸು ಧರಿಸಿ ಎದೆಹಾಲು ಉಣಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತ್ತು.

ಈ ಇತಿಹಾಸದಿಂದ ನಾವು ಕಲಿಯಬೇಕಾದುದೇನು? ಗರ್ಭಿಣಿಗೆ ಜ್ವರ, ಕೆಮ್ಮು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಇನ್‌ಫ್ಲುಯೆಂಜಾಕ್ಕೆ ಕೊಡುವ ಔಷಧಿಯು ಮೊದಲ ಎರಡು ದಿನಗಳಲ್ಲಿಯೇ ಹೆಚ್ಚು ಫಲಕಾರಿ. ಅವಳು ಏದುಸಿರು ಬಿಟ್ಟರೆ, ರಕ್ತದ ಪ್ರಾಣವಾಯು ನೂರಕ್ಕೆ 95ಕ್ಕಿಂತ ಇಳಿದರೆ, ಆಸ್ಪತ್ರೆಯೇ ಗತಿ. ಗರ್ಭಿಣಿಯು ಪಡೆದ ಇನ್‌ಫ್ಲುಯೆಂಜಾ ಲಸಿಕೆಯು ಹುಟ್ಟುವ ಕೂಸನ್ನೂ ಮೊದಲ ತಿಂಗಳುಗಳಲ್ಲಿ ಕಾಪಾಡುತ್ತದೆ. ಹಸುಗೂಸು ನಿಮಿಷಕ್ಕೆ 60 ಸಲ ಅಥವಾ ಹೆಚ್ಚು ಉಸಿರಾಡಿದರೆ, ಎದೆ ಒಳಸೆಳೆದರೆ, ಹಾಲು ಕುಡಿಯದಿದ್ದರೆ ಒಂದು ಗಳಿಗೆಯೂ ತಡಮಾಡಲಾಗದು.

ಬಾಣಂತಿಯನ್ನು ಬೆಚ್ಚಗಿಡುವ ಹಿರಿಯರ ಮಮತೆಗೆ ನಾವು ತಲೆಬಾಗುತ್ತೇವೆ. ಆದರೆ ಕಿಟಕಿ ಮುಚ್ಚಿ ಕೆಂಡದ ಹೊಗೆ ತುಂಬಿದ ಕೋಣೆ ಎಳೆಯ ಶ್ವಾಸಕೋಶಕ್ಕೆ ಹಿತವಲ್ಲ. ನೆಗಡಿಯಾದವರು ತೊಟ್ಟಿಲ ಬಳಿಗೆ ಹೋಗದಿರುವುದೇ ಕೂಸಿಗೆ ಕೊಡುವ ಆಶೀರ್ವಾದ. ಅಂದಿನ ತಾಯಂದಿರಿಗೆ ದೊರೆಯದ ತಿಳಿವಳಿಕೆ ನಮಗೆ ದೊರೆತಿದೆ. ಅದನ್ನು ಪ್ರತಿ ಮನೆಯಲ್ಲಿ ಪಾಲಿಸುವುದೇ ಅವರಿಗೆ ನಾವು ಸಲ್ಲಿಸುವ ಸ್ಮರಣೆ.