ತಪ್ಪು ನಡೆವ ಗಡಿಯಾರದ ಸಾಕ್ಷ್ಯ

1672ರಲ್ಲಿ ಫ್ರಾನ್ಸಿನ ಖಗೋಳಜ್ಞ ಝಾನ್ ರಿಶೇ, ಭೂಮಧ್ಯರೇಖೆಗೆ ಹತ್ತಿರದ ಕಯೆನ್‌ಗೆ ಲೋಲಕದ ಗಡಿಯಾರ ಒಯ್ದ. ಪ್ಯಾರಿಸಿನಲ್ಲಿ ಸರಿಯಾಗಿ ನಡೆಯುತ್ತಿದ್ದದ್ದು ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಗಡಿಯಾರ ಕೆಟ್ಟಿರಲಿಲ್ಲ, ಅಲ್ಲಿ ಗುರುತ್ವವೇ ತುಸು ಕಡಿಮೆ. ಭೂಮಿ ನಡುವಿನಲ್ಲಿ ಉಬ್ಬಿದೆಯೆಂಬ ವಾದಕ್ಕೆ ನ್ಯೂಟನ್ ಈ ತಪ್ಪನ್ನೇ ಸಾಕ್ಷಿಗೆ ಕರೆದ. ಪರಮಾಣು ಗಡಿಯಾರದ ಕಥೆಯೂ ಇದೇ ಜಾಡಿನದು.

1955ರಲ್ಲಿ ಇಂಗ್ಲೆಂಡಿನ ಟೆಡಿಂಗ್ಟನ್‌ನಲ್ಲಿ ಲೂಯಿ ಎಸ್ಸೆನ್ ಮತ್ತು ಜ್ಯಾಕ್ ಪ್ಯಾರಿ ನಂಬಿಕೆಗೆ ತಕ್ಕ ಮೊದಲ ಸೀಸಿಯಂ ಗಡಿಯಾರ ನಡೆಸಿದರು. 1967ರಿಂದ ಸೆಕೆಂಡೆಂದರೆ ಸೀಸಿಯಂ ಪರಮಾಣು ಹೀರುವ ಅಲೆಯ 919,26,31,770 ಕಂಪನಗಳ ಕಾಲ. ತಮಾಷೆಯೆಂದರೆ, ವೇಗಕ್ಕೂ ಎತ್ತರಕ್ಕೂ ತಕ್ಕಂತೆ ಕಾಲದ ನಡೆ ಬದಲಾಗುತ್ತದೆನ್ನುವ ಐನ್‌ಸ್ಟೈನರ ಸಾಪೇಕ್ಷತೆ ಎಸ್ಸೆನ್‌ಗೆ ಒಪ್ಪಿಗೆಯಿರಲಿಲ್ಲ. ಅವರು ಅದನ್ನು ಟೀಕಿಸಿ ಪುಸ್ತಿಕೆ ತಂದ 1971ರಲ್ಲೇ ಅಮೆರಿಕದ ವಿಜ್ಞಾನಿಗಳಾದ ಹಾಫಲೆ ಮತ್ತು ಕೀಟಿಂಗ್ ನಾಲ್ಕು ಸೀಸಿಯಂ ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕ ವಿಮಾನಗಳಲ್ಲಿ ಹೊತ್ತು ಭೂಮಿ ಸುತ್ತಿದರು. ಪೂರ್ವಕ್ಕೆ ಹೋಗಿಬಂದಾಗ ಅವು ಸುಮಾರು 59 ನ್ಯಾನೊಸೆಕೆಂಡ್ ಹಿಂದೆ, ಪಶ್ಚಿಮಕ್ಕೆ ಹೋದಾಗ 273 ಮುಂದೆ, ಹೆಚ್ಚುಕಡಿಮೆ ಸಾಪೇಕ್ಷತೆ ಹೇಳಿದಷ್ಟೇ. ಎಸ್ಸೆನ್ ಕೊಟ್ಟ ಸಲಕರಣೆಯೇ ಎಸ್ಸೆನ್ ವಿರುದ್ಧ ಸಾಕ್ಷಿ ನುಡಿಯಿತು. 1976ರಲ್ಲಿ ರಾಕೆಟ್ ಒಂದು ಹೈಡ್ರೋಜನ್ ಮೇಸರ್ ಗಡಿಯಾರವನ್ನು 10,000 ಕಿ.ಮೀ. ಎತ್ತರಕ್ಕೆ ಒಯ್ದು ಅದೇ ಮಾತನ್ನು ಇನ್ನಷ್ಟು ಖಚಿತವಾಗಿ ಹೇಳಿತು.

ಆಮೇಲಿನ ಜಿಗಿತ ಲೇಸರಿನದು. ಬೆಳಕು ಸೀಸಿಯಂನ ಮೈಕ್ರೋವೇವ್‌ಗಿಂತ ಹತ್ತಾರು ಸಾವಿರ ಪಟ್ಟು ವೇಗವಾಗಿ ಕಂಪಿಸುತ್ತದೆ. ಗೆರೆಗಳು ಒತ್ತಾದಷ್ಟೂ ಅಳತೆಪಟ್ಟಿ ಸೂಕ್ಷ್ಮ. ಆದರೆ ಅಷ್ಟು ವೇಗವನ್ನು ಎಣಿಸುವುದು ಹೇಗೆ? ಭೌತಜ್ಞರಾದ ಹೆನ್ಷ್ ಮತ್ತು ಹಾಲ್‌ರಿಗೆ 2005ರ ನೊಬೆಲ್ ತಂದ, ಬೆಳಕಿನ ಕಂಪನವನ್ನು ಎಣಿಸಬಲ್ಲ ಮೈಕ್ರೋವೇವ್‌ಗೆ ಇಳಿಸುವ ‘ಆವೃತ್ತಿ ಬಾಚಣಿಗೆ’ ಆ ಗಂಟು ಬಿಡಿಸಿತು. ಜಪಾನಿನ ಹಿದೆತೊಶಿ ಕತೋರಿ, ತಣ್ಣಗಾಗಿಸಿದ ಸಾವಿರಾರು ಸ್ಟ್ರಾನ್ಷಿಯಂ ಪರಮಾಣುಗಳನ್ನು ಬೆಳಕಿನ ಜಾಲರಿಯಲ್ಲಿ ಕೂರಿಸುವ ದಾರಿ ತೋರಿದರು. ಜಾಲರಿಯ ಬೆಳಕೇ ಪರಮಾಣುವಿನ ಲಯ ಕೆಡಿಸಬೇಕಿತ್ತು. ಆದರೆ ಒಂದು ನಿರ್ದಿಷ್ಟ ತರಂಗಾಂತರದಲ್ಲಿ ಆ ಕೇಡು, ಪರಮಾಣು ಯಾವೆರಡರ ನಡುವೆ ಮಿಡಿಯುತ್ತದೋ ಆ ಎರಡೂ ಶಕ್ತಿಮಟ್ಟಗಳಿಗೆ ಸಮನಾಗಿ ತಟ್ಟಿ ಅಳಿಸಿಹೋಗುತ್ತದೆ. ಇಡೀ ಕ್ಷೇತ್ರದಲ್ಲಿ ನನಗೆ ಅತಿ ಚೆಂದ ಕಂಡ ಉಪಾಯ ಇದು.

ಫಲ ಬೇಗ ಕಂಡಿತು. 2010ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಅಲ್ಯುಮಿನಿಯಂ ಅಯಾನಿನ ಗಡಿಯಾರವೊಂದನ್ನು 33 ಸೆಂ.ಮೀ., ಎರಡು ಮೆಟ್ಟಿಲಿನಷ್ಟು, ಎತ್ತರಿಸಿದಾಗ ಅದು ಚುರುಕಾದದ್ದು ಅಳತೆಗೆ ಸಿಕ್ಕಿತು. 2020ರಲ್ಲಿ ಕತೋರಿ ತಂಡ ಟೋಕಿಯೊದ ಸ್ಕೈಟ್ರೀ ಗೋಪುರದ 450 ಮೀಟರಿನಲ್ಲೇ, ಉಪಗ್ರಹಗಳಿಂದ ಮಾಡಿದ ಸಾಪೇಕ್ಷತೆಯ ಪರೀಕ್ಷೆಗೆ ಹೆಗಲೆಣೆಯಾಗುವ ಫಲಿತಾಂಶ ಪಡೆಯಿತು. 2022ರಲ್ಲಿ ಬೌಲ್ಡರ್‌ನ ಜುನ್ ಯೆ ತಂಡ ಒಂದೇ ಮಿಲಿಮೀಟರಿನ ಸ್ಟ್ರಾನ್ಷಿಯಂ ಮೋಡದೊಳಗೆ ಮೇಲಿನ ಮತ್ತು ಕೆಳಗಿನ ಪರಮಾಣುಗಳ ಕಾಲಭೇದವನ್ನು ಕಂಡಿತು.

ನಿಸರ್ಗದ ಸ್ಥಿರಾಂಕಗಳು ನಿಜಕ್ಕೂ ಸ್ಥಿರವೇ? 1937ರಲ್ಲಿ ಭೌತಜ್ಞ ಡಿರಾಕ್ ಎತ್ತಿದ ಈ ಅನುಮಾನಕ್ಕೂ ಗಡಿಯಾರವೇ ಒರೆಗಲ್ಲು. ಸ್ಥಿರಾಂಕ ಬದಲಾದರೆ ಬೇರೆಬೇರೆ ಪರಮಾಣುಗಳು ಅದಕ್ಕೆ ಬೇರೆಬೇರೆಯಾಗಿ ಸ್ಪಂದಿಸುವುದರಿಂದ ಎರಡನ್ನು ಜೊತೆಗಿಟ್ಟು ನೋಡಿದರೆ ಸಾಕು. 2008ರ ಅಲ್ಯುಮಿನಿಯಂ–ಪಾದರಸ ಹೋಲಿಕೆಯಲ್ಲಿ, ವರ್ಷಕ್ಕೆ ಸಾವಿರ ಕೋಟಿ ಕೋಟಿಯಲ್ಲಿ ಕೆಲವೇ ಪಾಲಿನ ಮಿತಿಯವರೆಗೂ ಬದಲಾವಣೆ ಕಾಣಲಿಲ್ಲ. ಕಣ್ಣಿಗೆ ಕಾಣದ ಕಪ್ಪುದ್ರವ್ಯ ಹಾಯುವಾಗ ಲಯ ನಡುಗೀತೇ ಎಂದು ಕಾದವರಿಗೂ ಈವರೆಗೆ ಸಿಕ್ಕಿರುವುದು ಮೌನ. ಪತ್ರಿಕೆಗಳಿಗೆ ಇದು ಸುದ್ದಿಯಲ್ಲ. ಸಿದ್ಧಾಂತಿಗಳಿಗೆ ಮಾತ್ರ ಪ್ರತಿ ಮೌನವೂ ಒಂದಷ್ಟು ಊಹೆಗಳನ್ನು ಹೊಡೆದುಹಾಕುತ್ತದೆ.

ಈಗ ಕಣ್ಣು ಥೋರಿಯಂ-229ರ ಮೇಲೆ. ಅದರ ಬೀಜಕೇಂದ್ರದ ಎರಡು ಮಟ್ಟಗಳ ಶಕ್ತಿಯ ಅಂತರದಲ್ಲಿ ಪ್ರಬಲ ಬಲ ಮತ್ತು ವಿದ್ಯುತ್ ಬಲಗಳ ಪಾಲು ಪರಸ್ಪರ ಬಹುಪಾಲು ರದ್ದಾಗಿ, ಉಳಿಯುವುದು ಸುಮಾರು 8.4 ಎಲೆಕ್ಟ್ರಾನ್‌ವೋಲ್ಟ್. ಆ ಎರಡರಲ್ಲಿ ಒಂದು ಕೂದಲೆಳೆಯಷ್ಟು ಜಾರಿದರೂ ಉಳಿಕೆಯಲ್ಲಿ ಅದು ಎದ್ದು ಕಾಣಬೇಕು. 2024ರಲ್ಲಿ ಬೌಲ್ಡರ್‌ನಲ್ಲಿ ಈ ಬೀಜಕೇಂದ್ರದ ಮಿಡಿತವನ್ನು ಸ್ಟ್ರಾನ್ಷಿಯಂ ಗಡಿಯಾರದ ಪಕ್ಕಕ್ಕಿಟ್ಟು ಮೊದಲ ಬಾರಿಗೆ ಅಳೆದರು.